ಬುಧವಾರದ ಹಲ್ಲುನೋವು

ಮೊನ್ನೆ ತುಮಕೂರಿನ ಬಟವಾಡಿಯಲ್ಲಿ ಹಲ್ಲಿನ ಡಾಕ್ಟರ ಬೆಂಚಿನ ಮೇಲೆ ಎಡಗೆನ್ನೆ ಹಿಡಿದುಕೊಂಡು ಕೂತಿದ್ದೆ. ನನ್ನ ಒಂದು ದವಡೆ ಹಲ್ಲು ಹದಿನೈದು ದಿನದಿಂದ ಹೊರಡುತ್ತೇನೆ, ಇಲ್ಲ ಇರುತ್ತೇನೆ ಎಂದು ಬೀಗರ ಹಾಗೆ ಆಟವಾಡಿಸುತ್ತಿತ್ತು. ಒಳಗಿನ ಬಾಗಿಲು ತೆರೆದಾಗಲೆಲ್ಲ ಲವಂಗದೆಣ್ಣೆಯ ವಾಸನೆ ಬರುತ್ತಿತ್ತು. ಆ ವಾಸನೆ ಮೂಗಿಗೆ ಬಡಿದರೆ ಎಲ್ಲರಿಗೂ ಇಕ್ಕಳ, ಸೂಜಿ, ಹಿಂದಕ್ಕೆ ವಾಲುವ ಕುರ್ಚಿ ನೆನಪಾಗುತ್ತವೆ. ನನಗೆ ಮಾತ್ರ ಬುಧವಾರ ನೆನಪಾಗುತ್ತದೆ. ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆ, ಕಲ್ಲಿನಂಥ ಹಲ್ಲುಗಳಿದ್ದ ಒಬ್ಬ ಹಿರಿಯ ಹೆಂಗಸು, ಮತ್ತು ನಾನು ಆಡಬಾರದಿದ್ದ ಒಂದು ಮಾತು.

ನಿಮಗೆ ಬೇಸರವಿಲ್ಲದಿದ್ದರೆ ಹೇಳುತ್ತೇನೆ. ಬೇಸರವಿದ್ದರೂ ಹೇಳುವವಳೇ ನಾನು. ಆದರೆ ಮೊದಲು ಕೇಳಬೇಕು ಎಂದು ಒಬ್ಬರು ಕಲಿಸಿದ್ದಾರೆ, ಅದಕ್ಕೆ ಕೇಳಿದೆ.

ನನ್ನ ತವರು ಕುಣಿಗಲ್ ತಾಲ್ಲೂಕು, ಹುತ್ರಿದುರ್ಗದ ಬುಡದ ಒಂದು ಹಳ್ಳಿ. ನಮ್ಮ ಕಡೆ ಎದುರಿಗೆ ಸಿಕ್ಕವರನ್ನು ಮಾತಾಡಿಸದೆ ಹೋದರೆ ಆ ಮನೆಯ ಮೂರು ತಲೆಮಾರಿಗೂ ಕೊಬ್ಬು ಎಂದು ಹೆಸರು ಬರುತ್ತದೆ. "ಏನ್ಲಾ, ಉಂಡ್ಯಾ? ಎತ್ಲಾಗ್ ಹೊಂಟೆ?" ಎನ್ನುವುದು ನಮ್ಮಲ್ಲಿ ಪ್ರಶ್ನೆಯಲ್ಲ, ಉಸಿರಾಟ. ಈ ಉಸಿರಾಟ ನನಗೆ ಸ್ವಲ್ಪ ಜಾಸ್ತಿಯೇ ಇತ್ತು. ಕುಣಿಗಲ್ಲಿನಲ್ಲಿ ಬಸ್ಸು ಹತ್ತಿದರೆ ತುಮಕೂರು ಬರುವಷ್ಟರಲ್ಲಿ ಪಕ್ಕದ ಸೀಟಿನವರ ನಾದಿನಿಗೆ ಎಷ್ಟನೇ ತಿಂಗಳು ಎನ್ನುವವರೆಗೆ ತಿಳಿದಿರುತ್ತಿತ್ತು. ನಮ್ಮ ಯಜಮಾನರು ನನ್ನ ಜೊತೆ ಬಸ್ಸು ಹತ್ತಿದರೆ ಬೇಕೆಂದೇ ಗಂಡಸರ ಕಡೆಯ ಕೊನೆಯ ಸೀಟಿಗೆ ಹೋಗಿ ಕೂರುತ್ತಿದ್ದರು.

ಇಂಥವಳು ಹೋಗಿ ಸೇರಿಕೊಂಡ ಕೆಲಸ ಯಾವುದು ಅಂತೀರಿ? ಗುಟ್ಟು ಕಾಯುವ ಕೆಲಸ.

ಅದು ತೊಂಬತ್ತರ ದಶಕದ ಕೊನೆ. ಬಟವಾಡಿಯ ಒಂದು ಕಟ್ಟಡದಲ್ಲಿ ಕೆಳಗೆ ಕನ್ನಡಕದ ಅಂಗಡಿ, ಮೊದಲ ಮಹಡಿಯಲ್ಲಿ ಹಲ್ಲಿನ ಡಾಕ್ಟರು, ಅದರ ಮೇಲಿನ ಮಹಡಿಯಲ್ಲಿ ಮುಮ್ತಾಜ್ ಮೇಡಂ. ಮನಶ್ಶಾಸ್ತ್ರ ಓದಿದ್ದವರು, ತುಮಕೂರಿನಲ್ಲೇ ಹುಟ್ಟಿ ಬೆಳೆದವರು, ಆಗ ನಲವತ್ತು ದಾಟಿತ್ತು. ತಲೆಯ ಮೇಲಿನ ಸೆರಗು ಜಾರಿದಂತೆಲ್ಲ ಎಡಗೈಯಲ್ಲಿ ಸರಿಮಾಡಿಕೊಳ್ಳುತ್ತಾ, ಎದುರಿಗಿದ್ದವರ ಮಾತನ್ನು ಕೊನೆಯವರೆಗೂ ಕೇಳುತ್ತಿದ್ದರು. ಮನಸ್ಸಿನ ತೊಂದರೆ ಇರುವವರ ಜೊತೆ ಕೂತು ಮಾತಾಡುವುದು ಅವರ ಕೆಲಸ. ಬಾಗಿಲ ಹೊರಗೆ ಬೆಂಚು ಹಾಕಿ, ಬಂದವರಿಗೆ ನೀರು ಕೊಟ್ಟು, ಸರದಿ ಪ್ರಕಾರ ಒಳಗೆ ಕಳಿಸುವವರೊಬ್ಬರು ಬೇಕಾಗಿದ್ದರು.

"ನಿಮಗೆ ಏನು ಚೆನ್ನಾಗಿ ಬರುತ್ತೆ?" ಎಂದು ಕೇಳಿದರು.

"ಎಲ್ರ ಹತ್ರನೂ ಮಾತಾಡಕ್ಕೆ ಬರುತ್ತೆ ಮೇಡಂ."

"ಮಾತಾಡದೇ ಇರಕ್ಕೆ?"

ಯೋಚನೆ ಮಾಡಿ, "ಕಲ್ತ್ಕೋತೀನಿ" ಎಂದೆ. ನಕ್ಕುಬಿಟ್ಟರು. ಕೆಲಸ ಸಿಕ್ಕಿತು.

ಮೊದಲ ವಾರದಲ್ಲೇ ನಾನು ಅವರಿಗೆ ಬುದ್ಧಿ ಹೇಳಲು ಹೋದೆ. ರಸ್ತೆಗೆ ಕಾಣುವ ಹಾಗೆ ಹಲ್ಲಿನ ಡಾಕ್ಟರದು ಆನೆ ಗಾತ್ರದ ಬೋರ್ಡು. ಮೇಡಮ್ಮಿನದು ಮೇಲಿನ ಬಾಗಿಲ ಪಕ್ಕದಲ್ಲಿ ಅಂಗೈ ಅಗಲದ ಒಂದು ಹಲಗೆ. 'ಆಪ್ತ ಸಮಾಲೋಚನೆ' ಎಂದು ಬರೆದಿತ್ತು, ಅದೂ ಕಣ್ಣು ಕಿರಿದು ಮಾಡಿ ಓದಬೇಕು. "ಮೇಡಂ, ದೊಡ್ಡದಾಗಿ ಬರೆಸೋಣ, ಪೇಂಟರ್‌ನ ನಾನೇ ಕರ್ಕೊಂಬರ್ತೀನಿ" ಎಂದೆ.

"ಬೇಡ. ಈ ಬಿಲ್ಡಿಂಗ್ ಹಿಡಿದಿದ್ದೇ ಕೆಳಗೆ ಹಲ್ಲಿನ ಡಾಕ್ಟ್ರು ಇದಾರೆ ಅಂತ. ಮೆಟ್ಟಿಲು ಹತ್ತೋದನ್ನ ಯಾರಾದ್ರೂ ನೋಡಿದ್ರೆ, ಹಲ್ಲುನೋವು ಅಂದ್ರಾಯ್ತು. ಹಲ್ಲುನೋವಿಗೆ ನಮ್ಮೂರಲ್ಲಿ ಯಾರೂ ನಗಲ್ಲ."

ನನಗೆ ಆವತ್ತು ಅದು ಪೂರ್ತಿ ತಲೆಗೆ ಹೋಗಲಿಲ್ಲ. ವ್ಯಾಪಾರ ತಿಳಿಯದ ಹೆಂಗಸು ಅಂದುಕೊಂಡೆ.

ಒಳಗಿನ ಕೋಣೆಯಲ್ಲಿ ಬೆತ್ತದ ಎರಡು ಕುರ್ಚಿ, ನೆಲದ ಮೇಲೆ ಒಂದು ಚಾಪೆ. ಬಂದವರು ಎಲ್ಲಿ ಬೇಕಾದರೂ ಕೂರಬಹುದು. ಅವರು ಚಾಪೆಯ ಮೇಲೆ ಕೂತರೆ ಮೇಡಂ ಕೂಡ ಚಾಪೆಗೆ ಇಳಿಯುತ್ತಿದ್ದರು. ಮೇಜಿನ ಮೇಲೆ ಪೆನ್ನು ಇರಲಿಲ್ಲ. ಬಂದವರಿಗೆಲ್ಲ ಒಂದೊಂದು ಬರೆಯುವ ಪುಸ್ತಕ, ಸ್ಕೂಲು ಮಕ್ಕಳ ಪೆನ್ಸಿಲ್ಲು, ಪಕ್ಕದಲ್ಲಿ ಒಂದು ರಬ್ಬರು. ಹೊಸಬರು ಬಂದಾಗ ಬಾಗಿಲು ಮುಚ್ಚುವುದಕ್ಕೆ ಮೊದಲು ಅವರು ಹೇಳುತ್ತಿದ್ದ ಮಾತು ನನಗೆ ಬಾಯಿಪಾಠವಾಗಿದೆ. "ಉತ್ತರ ಹೇಳಕ್ಕೆ ಇಷ್ಟ ಇಲ್ದಿದ್ರೆ ಹೇಳ್ಬೇಡಿ. ಮಧ್ಯದಲ್ಲಿ ಎದ್ದು ಹೋಗ್ಬೇಕು ಅನ್ಸಿದ್ರೆ ಹೋಗ್ಬಹುದು, ಕಾರಣ ಕೇಳಲ್ಲ. ನಾನು ಸರಿಹೋಗ್ಲಿಲ್ಲ ಅಂದ್ರೆ ಬೇರೆಯವರ ವಿಳಾಸ ಕೊಡ್ತೀನಿ, ನಂಗೆ ಬೇಜಾರಿಲ್ಲ. ನಾನು ಬರ್ಕೊಳ್ಳೋದು ನಿಮ್ಮ ವಿಷಯ, ಅದಕ್ಕೆ ಅದು ನಿಮ್ದು. ಕೊನೇಲಿ ಓದಿ ಹೇಳ್ತೀನಿ. ಬೇಡ ಅನ್ಸಿದ್ದನ್ನ ತಗೊಳ್ಳಿ, ಈ ರಬ್ಬರ್‌ನಲ್ಲಿ ನೀವೇ ಅಳ್ಸಿ."

ಡಾಕ್ಟರ ಕಾಗದದ ಮೇಲೆ ಡಾಕ್ಟರು ಗೀಚಿದ್ದನ್ನು ದೇವರೇ ಗೀಚಿದ ಹಾಗೆ ಮಡಚಿ ಇಟ್ಟುಕೊಳ್ಳುವ ನಮ್ಮಂಥವರಿಗೆ ಇದು ವಿಚಿತ್ರವಾಗಿ ಕಾಣುತ್ತಿತ್ತು. ಕೆಲವರು ರಬ್ಬರನ್ನು ಮುಟ್ಟಲೂ ಹೆದರುತ್ತಿದ್ದರಂತೆ. ಆದರೂ ಎರಡು ತಿಂಗಳಿಗೊಮ್ಮೆ ಹೊಸ ರಬ್ಬರು ತರುವ ಕೆಲಸ ನನ್ನ ಪಾಲಿಗೆ ತಪ್ಪುತ್ತಿರಲಿಲ್ಲ.

ಬೆಂಚಿನ ಮೇಲೆ ಎಂಥೆಂಥವರು ಕೂತು ಹೋದರು! ಉರ್ದು ಬಿಟ್ಟರೆ ಬೇರೆ ಬಾರದ ಅಜ್ಜಿಯರು, ಫ್ಯಾಕ್ಟರಿ ಪಾಳಿ ಮುಗಿಸಿ ಎಣ್ಣೆಗೈಯಲ್ಲೇ ಬಂದವರು, ಕಿವಿ ಕೇಳಿಸದ ಒಬ್ಬ ದರ್ಜಿ. ದರ್ಜಿಯೂ ಮೇಡಮ್ಮೂ ಒಂದೇ ಸ್ಲೇಟಿನ ಮೇಲೆ ಬರೆದು, ಒರೆಸಿ, ಮತ್ತೆ ಬರೆದು ಮಾತಾಡುತ್ತಿದ್ದರು. ಒಮ್ಮೆ ಸೀರೆ ಉಟ್ಟು ಗಂಡಸಿನ ದನಿಯಲ್ಲಿ ಮಾತಾಡುವವರೊಬ್ಬರು ಬಂದರು. ಬೆಂಚಿನ ಮೇಲಿದ್ದ ಇಬ್ಬರು ಸಟಕ್ಕನೆ ಎದ್ದು ಗೋಡೆಗೆ ಅಂಟಿ ನಿಂತರು. ನಾನು ಒಳಗೆ ಓಡಿ, "ಮೇಡಂ, ಅವರನ್ನ ಏನಂತ ಕರೀಲಿ?" ಎಂದು ಪಿಸುಗುಟ್ಟಿದೆ. "ನನ್ನ ಯಾಕೆ ಕೇಳ್ತೀರಾ? ಅವರನ್ನೇ ಕೇಳಿ" ಎಂದರು. ಹೊರಗೆ ಬಂದು, ನಾಲಿಗೆ ತೊದಲುತ್ತಾ ಕೇಳಿದೆ. "ಅಕ್ಕ ಅನ್ನು, ಸಾಕು. ಇಷ್ಟು ದಿನ ಯಾರೂ ಕೇಳಿರ್ಲಿಲ್ಲ ಬುಡು" ಎಂದರು ಆಕೆ. ನೀರು ಕೊಟ್ಟು ಅಕ್ಕ ಎಂದೆ. ಎದ್ದು ನಿಂತಿದ್ದ ಇಬ್ಬರೂ ಕಾಲು ನೋಯಲು ಶುರುವಾದ ಮೇಲೆ ತಾವಾಗಿಯೇ ಬಂದು ಆಕೆಯ ಪಕ್ಕ ಕೂತರು.

ನನಗಿದ್ದದ್ದು ಒಂದೇ ಕಟ್ಟುನಿಟ್ಟು. "ಇಲ್ಲಿಗೆ ಬಂದೋರು ಹೊರಗಡೆ ಸಿಕ್ಕಿದ್ರೆ, ಅವರಾಗಿ ಮಾತಾಡಿಸೋವರೆಗೂ ನಮಗೆ ಅವರು ಗೊತ್ತಿಲ್ಲ." ಹುತ್ರಿದುರ್ಗದ ಕಡೆಯ ಹೆಣ್ಣುಮಗಳಿಗೆ ಇದಕ್ಕಿಂತ ಕಷ್ಟದ ಶಿಕ್ಷೆ ಇದೆಯೇ? ಸಂತೆಯಲ್ಲಿ, ದೇವಸ್ಥಾನದಲ್ಲಿ, ಸಿಟಿ ಬಸ್ಸಿನಲ್ಲಿ ದಿನಕ್ಕೊಬ್ಬರಾದರೂ ಎದುರಾಗುತ್ತಿದ್ದರು. ನಾನು ಗೋಡೆಯನ್ನೋ ತರಕಾರಿಯನ್ನೋ ನೋಡುತ್ತಾ ನಿಂತುಬಿಡುತ್ತಿದ್ದೆ. ಒಂದು ದಿನ ಹಾಗೆ ನೋಡುತ್ತಾ ಬೇಡದ ಎರಡು ಸೋರೆಕಾಯಿ ಕೊಂಡುಕೊಂಡು ಬಂದೆ.

ಇಷ್ಟೆಲ್ಲ ಪಾಲಿಸಿಯೂ ಒಂದು ದಿನ ಕೆಟ್ಟೆ.

ಗುಬ್ಬಿಯಿಂದ ಒಬ್ಬರು ಅಮ್ಮ ಬರುತ್ತಿದ್ದರು. ಹೆಸರು ಹೇಳುವುದಿಲ್ಲ. ಗುಬ್ಬಿಯೇ ಹೌದೋ ಅಲ್ಲವೋ ಎಂದೂ ತಲೆ ಕೆಡಿಸಿಕೊಳ್ಳಬೇಡಿ. ಅರವತ್ತರ ಮೇಲಿನವರು. ಗಂಡ ಇಲ್ಲ, ಮೂವರು ಗಂಡುಮಕ್ಕಳ ತುಂಬಿದ ಮನೆ. ಸೊಂಟದಲ್ಲಿ ಬೀಗದ ಕೈಗೊಂಚಲು. ಅವರು ಮೆಟ್ಟಿಲು ಹತ್ತುವಾಗ ಆ ಗೊಂಚಲಿನ ಸದ್ದಿಗೇ ನಾನು ಎದ್ದು ನಿಲ್ಲುತ್ತಿದ್ದೆ. ಮೊದಲ ದಿನ ಬಂದಾಗ, "ಅಮ್ಮಾ, ಹಲ್ಲಿನ ಡಾಕ್ಟ್ರು ಕೆಳಗಡೆ" ಎಂದೆ.

"ಗೊತ್ತು ಕಣವ್ವ. ನನ್ ಹಲ್ಲೆಲ್ಲ ನೆಟ್ಟಗವೆ" ಎಂದು ತುಟಿ ಸರಿಸಿ ತೋರಿಸಿದರು. ಒಂದೂ ಹೋಗಿರಲಿಲ್ಲ. "ಮ್ಯಾಲಿನೋರ್ನೇ ನೋಡ್ಬೇಕು."

ಬಾಗಿಲಲ್ಲಿ ನಿಂತು ಮೇಡಂ ತಲೆಯ ಮೇಲಿನ ಸೆರಗನ್ನು ನೋಡಿದ್ದೇ ಅವರು ನನ್ನ ಕಡೆ ತಿರುಗಿದರು. "ಸಾಬ್ರ ಹೆಂಗ್ಸಾ?" ಪಿಸುಮಾತು ಅಂದುಕೊಂಡಿದ್ದರು. ಕೆಳಗಿನ ಕನ್ನಡಕದ ಅಂಗಡಿಗೂ ಕೇಳಿಸಿರಬೇಕು.

"ಹೌದಮ್ಮ" ಎಂದರು ಮೇಡಂ, ಮುಖದಲ್ಲಿ ಒಂದಿಷ್ಟೂ ಬದಲಾವಣೆಯಿಲ್ಲದೆ. "ನಿಮಗೆ ಬೇಡ ಅನ್ಸಿದ್ರೆ ಬೇರೆಯವರ ವಿಳಾಸ ಬರ್ಕೊಡ್ತೀನಿ. ಯಾರ ಹತ್ರ ಮಾತಾಡ್ಬೇಕು ಅನ್ನೋದು ನಿಮ್ಮ ಹಕ್ಕು."

ಅಮ್ಮ ಸ್ವಲ್ಪ ಹೊತ್ತು ನಿಂತೇ ಲೆಕ್ಕ ಹಾಕಿದರು. "ನಮ್ಮೋರ ಹತ್ರ ಹೇಳಿದ್ರೆ ಸಂಜೆಗೆ ಗುಬ್ಬಿ ತುಂಬ ಆಗೋಯ್ತದೆ. ನೀನೇ ವಾಸಿ ಬುಡು ತಾಯಿ" ಎಂದು ಒಳಗೆ ಹೋಗಿ ಚಾಪೆಯ ಮೇಲೆ ಕೂತರು. ಬಾಗಿಲು ಮುಚ್ಚಿತು.

ಈಗ ನೀವು ಕೇಳುತ್ತೀರಿ, ಆಕೆಗೆ ಏನಾಗಿತ್ತು? ನನಗೆ ಗೊತ್ತಿಲ್ಲ. ಸುಮ್ಮನೆ ಹೇಳುತ್ತಿಲ್ಲ, ನಿಜವಾಗಿಯೂ ಗೊತ್ತಿಲ್ಲ. ಬಾಗಿಲು ಮುಚ್ಚಿದರೆ ಒಳಗಿನ ಮಾತು ಹೊರಗೆ ಬರುತ್ತಿರಲಿಲ್ಲ. ಒಳಗೆ ಹೋಗುವಾಗ ಗಂಟು ಹಾಕಿದ ಮುಖ ಹೊರಗೆ ಬರುವಾಗ ಬಿಚ್ಚಿಕೊಂಡಿರುತ್ತಿತ್ತು, ಕಣ್ಣು ಕೆಂಪಗಿರುತ್ತಿತ್ತು. ನಾನು ನೋಡಿದ್ದು ಅಷ್ಟೇ. ಬಸ್ಸಿಗೆ ಹೊತ್ತಿದ್ದರೆ ನನ್ನ ಪಕ್ಕ ಬೆಂಚಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಅಡಿಕೆಯನ್ನು ಕತ್ತರಿಸುತ್ತಿರಲಿಲ್ಲ, ಇಡಿಯಾಗಿ ಕಟುಂ ಎಂದು ಕಡಿಯುತ್ತಿದ್ದರು. ಒಂದು ಸಲ ಅವರಾಗಿಯೇ ಅಂದರು: "ಮನೇಲಿ ಹಲ್ಲು ಕಟ್ಟಿಸ್ಕತಾ ಇವ್ನಿ ಅಂತ ಹೇಳಿವ್ನಿ. ಅತ್ತೆ ಒಬ್ಳು ಹೋಗಿ ಇನ್ನೊಬ್ರ ಮುಂದೆ ಅಳ್ತಾಳೆ ಅಂತ ಗೊತ್ತಾದ್ರೆ, ನಾಳೆಯಿಂದ ಆ ಮನೇಲಿ ನನ್ನ ಮಾತು ಯಾರು ಕೇಳ್ತಾರೆ? ವಾರಕ್ಕೆ ಒಂದ್ ಗಂಟೆ ಕಣವ್ವ ನಂದು. ಮಿಕ್ಕಿದ್ದೆಲ್ಲ ಮನೇದು."

ಬುಧವಾರ ಹನ್ನೊಂದರಿಂದ ಹನ್ನೆರಡು. ಐದು ತಿಂಗಳು ಆ ಗಂಟೆ ತಪ್ಪಲಿಲ್ಲ. ಆಮೇಲೆ ಎರಡು ಬುಧವಾರ ಅವರು ಬರಲಿಲ್ಲ. ನನಗೆ ಚಡಪಡಿಕೆ ಶುರುವಾಯಿತು. ನಿಜ ಹೇಳಬೇಕೆಂದರೆ ನನಗೆ ಆಕೆಯ ಮೇಲೆ ಪ್ರೀತಿ ಬೆಳೆದಿತ್ತು.

ಅದೇ ಶುಕ್ರವಾರ ನಮ್ಮ ಚಿಕ್ಕಪ್ಪನ ಮಗಳ ಕೂಸಿಗೆ ಹೆಸರಿಡುವುದಕ್ಕೆಂದು ಗುಬ್ಬಿ ಬಸ್ಸು ಹತ್ತಿದೆ. ಕೂತು ಸೆರಗು ಸರಿಮಾಡಿಕೊಂಡು ನೋಡಿದರೆ ಮುಂದಿನ ಸೀಟಿನಲ್ಲಿ ಅಮ್ಮ! ಪಕ್ಕದಲ್ಲಿ ಮೂವತ್ತರ ಆಸುಪಾಸಿನ ಒಬ್ಬಳು, ತೊಡೆಯ ಮೇಲೆ ಬಟ್ಟೆ ಅಂಗಡಿಯ ಚೀಲ. ಮೇಡಂ ಹೇಳಿದ್ದೆಲ್ಲ ಎಲ್ಲಿ ಹೋಯಿತೋ ಕಾಣೆ. ನನ್ನ ಬಾಯಿ ನನ್ನನ್ನು ಕೇಳದೆ ತೆರೆದುಕೊಂಡಿತು.

"ಅಮ್ಮಾ! ಎರಡು ಬುಧವಾರದಿಂದ ಬರಲೇ ಇಲ್ವಲ್ಲ? ಹುಷಾರಾಗಿದೀರಾ? ಮೇಡಂ ಕಾಯ್ತಾನೇ ಇದ್ರು."

ಪಕ್ಕದವಳು ತಿರುಗಿದಳು. "ಯಾವ ಮೇಡಂ ಅತ್ತೆ? ಹಲ್ಲಿನ ಡಾಕ್ಟ್ರು ಗಂಡಸು ಅಂದಿದ್ರಲ್ಲ?"

ಅಮ್ಮ ನಿಧಾನವಾಗಿ ಹಿಂದೆ ನೋಡಿದರು. ಆ ಕಣ್ಣಿನಲ್ಲಿ ನನ್ನ ಗುರುತು ಒಂದು ಚೂರೂ ಇರಲಿಲ್ಲ. "ಯಾರಮ್ಮ ನೀನು? ನಾನ್ ನಿನ್ನ ಕಂಡೇ ಇಲ್ಲ."

ಬುದ್ಧಿ ಇದ್ದವಳು ಅಲ್ಲಿಗೆ, "ಅಯ್ಯೋ, ಬೇರೆಯವರು ಅಂದ್ಕೊಂಡೆ" ಎಂದು ಸುಮ್ಮನಾಗುತ್ತಿದ್ದಳು. ನಾನು ಹೇಳಿದ್ದು ಕೇಳಿ: "ಅಯ್ಯೋ ನಾನಮ್ಮ! ಬಟವಾಡಿ! ಮೇಲಿನ ಮಹಡಿ ಬೆಂಚು, ನೀರು ಕೊಡ್ತೀನಲ್ಲ! ಮರ್ತೇಬಿಟ್ರಾ?"

ಹೇಳಿ ಮುಗಿದ ಮೇಲೆ ನನಗೆ ತಿಳಿಯಿತು. ಕಾಲಿನಿಂದ ತಲೆಯವರೆಗೆ ಬೆವರು ಹೊಡೆಯಿತು. ಅಮ್ಮ ಮುಂದಕ್ಕೆ ತಿರುಗಿ ಕೂತರು. ಅವರ ಬೆನ್ನು ನೆಟ್ಟಗಿತ್ತು, ಆದರೆ ಕೈ ಸೊಂಟದ ಗೊಂಚಲನ್ನು ಸದ್ದಾಗದ ಹಾಗೆ ಬಿಗಿಯಾಗಿ ಹಿಡಿದುಕೊಂಡಿತ್ತು. ಮಲ್ಲಸಂದ್ರ ಬಂದಾಗ ಅದೇ ನನ್ನ ಊರು ಎನ್ನುವಂತೆ ಇಳಿದುಬಿಟ್ಟೆ. ಕೂಸಿಗೆ ಏನು ಹೆಸರಿಟ್ಟರು ಎನ್ನುವುದು ನನಗೆ ಮಾರನೇ ದಿನ ಗೊತ್ತಾಯಿತು.

ಮುಂದಿನ ಬುಧವಾರ ಹನ್ನೊಂದು ಹೊಡೆಯಿತು. ಮೆಟ್ಟಿಲಲ್ಲಿ ಗೊಂಚಲಿನ ಸದ್ದಿಲ್ಲ. ಹನ್ನೊಂದೂಕಾಲಿಗೆ ಒಳಗೆ ಹೋಗಿ ಎಲ್ಲವನ್ನೂ ಒದರಿ, ಅತ್ತು, "ನಾನು ಕೆಲಸ ಬಿಡ್ತೀನಿ ಮೇಡಂ" ಎಂದೆ.

ಅವರು ನನ್ನನ್ನು ಬಯ್ಯಲಿಲ್ಲ. ತಪ್ಪೇ ಅಲ್ಲ ಎಂದು ಸಮಾಧಾನವನ್ನೂ ಮಾಡಲಿಲ್ಲ. "ದೊಡ್ಡ ತಪ್ಪು" ಎಂದರು. "ಆದ್ರೆ ನೀವು ಬಿಟ್ರೆ ಹೊಸಬ್ರು ಬರ್ತಾರೆ, ಅವರೂ ಒಂದ್ಸಲ ಇದನ್ನೇ ಮಾಡ್ತಾರೆ. ನೀವಂತೂ ಇನ್ನು ಮಾಡಲ್ಲ."

"ಹಂಗಾದ್ರೆ ಇವತ್ತೇ ಗುಬ್ಬಿಗೆ ಹೋಗಿ ಕಾಲಿಗೆ ಬಿದ್ದು ಬರ್ತೀನಿ."

"ಅವರ ಮನೆ ಬಾಗ್ಲಲ್ಲಿ ನಿಂತು ಕ್ಷಮೆ ಕೇಳಿದ್ರೆ ಹಗುರ ಆಗೋದು ನೀವು. ಅವರ ತಲೆ ಮೇಲೆ ಇನ್ನೊಂದು ಹೊರೆ ಬೀಳುತ್ತೆ. ಕಾಗದ ಬರೆದ್ರೂ ಅಷ್ಟೇ, ಅದನ್ನ ಯಾರು ಒಡೀತಾರೋ ಏನೋ. ಅವರು ಬಂದ್ರೆ ಬಾಗಿಲು ತೆಗೆದಿರ್ಬೇಕು. ನಮ್ಮ ಕೈಲಿರೋದು ಅಷ್ಟೇ."

ಬಾಗಿಲು ತೆರೆದೇ ಇತ್ತು. ಬುಧವಾರದ ಹನ್ನೊಂದು ಗಂಟೆಯನ್ನು ಮೇಡಂ ಬೇರೆ ಯಾರಿಗೂ ಕೊಡಲಿಲ್ಲ. ಕೇಳಿಕೊಂಡು ಬಂದವರಿಗೆ ಬೇರೆ ಹೊತ್ತು ಹೇಳಿ ಕಳಿಸಿದೆ. ಆ ಒಂದು ಗಂಟೆ ಅವರು ಒಳಗೆ ಚಾಪೆಯ ಮೇಲೆ ಪೇಪರು ಓದುತ್ತಾ ಕೂರುತ್ತಿದ್ದರು, ನಾನು ಹೊರಗೆ ಬೆಂಚಿನ ಮೇಲೆ. ಕೆಳಗಿನಿಂದ ಲವಂಗದೆಣ್ಣೆಯ ವಾಸನೆ, ನಡುನಡುವೆ ಯಾರದೋ ಹಲ್ಲು ಕಿತ್ತ ಕೂಗು. ಮೆಟ್ಟಿಲು ಒಟ್ಟು ನಲವತ್ತಾರು. ಒಂದು ಬುಧವಾರ, ಎರಡು ಬುಧವಾರ, ಐದು ಬುಧವಾರ ಹೀಗೇ ಹೋದವು. ಮಾತಾಡಲು ಮನಸ್ಸೇ ಬರುತ್ತಿರಲಿಲ್ಲ. ನಾನು ಮನೆಯಲ್ಲಿ ಸುಮ್ಮನಿರುವುದನ್ನು ನೋಡಿ ಯಜಮಾನರು ಗಾಬರಿಯಾದರು. "ಏನಾಗೈತೆ ನಿಂಗೆ? ಹಲ್ಲುನೋವಾ?" ಎಂದರು.

"ಹೂಂ" ಎಂದೆ. ಆ ಕ್ಷಣಕ್ಕೆ ಮೇಡಂ ಆ ಕಟ್ಟಡವನ್ನು ಯಾಕೆ ಹಿಡಿದರು ಎನ್ನುವುದು ನನ್ನ ತಲೆಗೆ ಪೂರ್ತಿಯಾಗಿ ಹೋಯಿತು.

ಆರನೆಯ ಬುಧವಾರ ಮೆಟ್ಟಿಲಲ್ಲಿ ಹೆಜ್ಜೆ ಸದ್ದು. ಗೊಂಚಲಿನ ಸದ್ದಿಲ್ಲ. ಕೆನ್ನೆಯ ಮೇಲೆ ಕೈ ಇಟ್ಟುಕೊಂಡು ಮೇಲೆ ಬಂದವಳು ಬಸ್ಸಿನಲ್ಲಿದ್ದ ಸೊಸೆ. ನನ್ನನ್ನು ನೋಡಿದ್ದೇ ಕೈ ಇಳಿಸಿದಳು.

"ಅಕ್ಕಾ, ಆವತ್ತು ಬಸ್ಸಲ್ಲಿ ನಮ್ಮತ್ತೆನ ಮಾತಾಡ್ಸಿದ್ದು ನೀವೇ ಅಲ್ವಾ?"

ನಾನು ನೀರಿನ ಲೋಟ ಮುಂದಿಟ್ಟೆ. ಅವಳು ಮುಟ್ಟಲಿಲ್ಲ.

"ಅವ್ರಿಗೆ ಹಲ್ಲುನೋವಿಲ್ಲ ಅಂತ ನಂಗೆ ಮೊದ್ಲಿಂದ್ಲೂ ಗೊತ್ತು. ಕಬ್ಬು ಸಿಗ್ದು ತಿಂತಾರೆ. ಬುಧವಾರ ಹೋಗ್ಬಂದ್ರೆ ಎರಡು ದಿನ ಮುಖ ಗೆಲುವಾಗಿರೋದು, ಅದಕ್ಕೆ ನಾನೂ ಸುಮ್ಕಿದ್ದೆ. ಬಸ್ಸಲ್ಲಿ ಮಾತ್ರ ಬಾಯಿ ತಪ್ಪಿ ಕೇಳ್ಬಿಟ್ಟೆ. ಆ ಬಸ್ಸಿನ ದಿನದಿಂದ ಮನೆ ಬಿಟ್ಟು ಹೊರಟಿಲ್ಲ ಅಕ್ಕ. ಊಟ ಸರಿಯಾಗಿ ಮಾಡಲ್ಲ. ಏನಾಗೈತೆ ಅವ್ರಿಗೆ? ಹೇಳಿ, ನಾನ್ ನೋಡ್ಕೋತೀನಿ. ಯಾರಿಗೂ ಹೇಳಲ್ಲ, ನನ್ನಾಣೆ."

ಅವಳ ಮಾತಿನಲ್ಲಿ ಕುತೂಹಲ ಇರಲಿಲ್ಲ, ಬರೀ ಕಕ್ಕುಲಾತಿ ಇತ್ತು. ನನ್ನ ಕಷ್ಟ ಇದ್ದದ್ದೇ ಅಲ್ಲಿ. ಕೆಟ್ಟವರಿಗೆ ಗುಟ್ಟು ಹೇಳದೆ ಇರುವುದು ಯಾರಿಗಾದರೂ ಆದೀತು. ಈ ಹುಡುಗಿಗೆ, 'ಹೌದಮ್ಮ, ಇಲ್ಲಿಗೇ ಬರುತ್ತಿದ್ದರು, ನೀನೇ ಕೈಹಿಡಿದು ಕರ್ಕೊಂಬಾ' ಎಂದುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನನ್ನ ನಾಲಿಗೆ ಒಳಗೆ ಹೊರಳಾಡಿತು. ಒಳಗೆ ಮೇಡಂ ಪೇಪರು ಮಗುಚಿದ ಸದ್ದು ಕೇಳಿಸಿತು. ಅವರು ಎದ್ದು ಬರಲಿಲ್ಲ. ಇದನ್ನು ನನಗೇ ಬಿಟ್ಟಿದ್ದರು.

"ನೀವು ಯಾರ ವಿಷ್ಯ ಹೇಳ್ತಿದೀರೋ ನಂಗೊತ್ತಿಲ್ಲಮ್ಮ" ಎಂದೆ. ದನಿ ನನ್ನದೇ ಎಂದು ನನಗೇ ಅನ್ನಿಸಲಿಲ್ಲ. "ಇಲ್ಲಿಗೆ ಯಾರು ಬರ್ತಾರೆ, ಯಾರು ಬರಲ್ಲ ಅಂತ ಇನ್ನೊಬ್ರಿಗೆ ಹೇಳಲ್ಲ. ನೀವು ಬಂದಿದ್ದನ್ನೂ ಯಾರಿಗೂ ಹೇಳಲ್ಲ."

"ನಾನ್ ಅವ್ರ ಸೊಸೆ ಕಣಕ್ಕ. ಹೊರಗಿನೋಳಲ್ಲ."

"ನಂಗೊತ್ತಿಲ್ಲಮ್ಮ."

ಅವಳ ಕಣ್ಣು ತುಂಬಿತು, ನನ್ನದೂ. ಲೋಟ ಎತ್ತಿ ನೀರು ಕುಡಿದು ಹೊರಟಳು. ಹತ್ತು ಮೆಟ್ಟಿಲು ಇಳಿದವಳು ನಿಂತು ಮೇಲೆ ನೋಡಿದಳು. "ಬುಧವಾರ ಹನ್ನೊಂದಕ್ಕೆ ಬಾಗಿಲು ತೆಗ್ದಿರುತ್ತಾ?"

ಅದನ್ನು ಹೇಳಬಹುದಿತ್ತು. "ಎಲ್ಲಾ ಬುಧವಾರನೂ ತೆಗ್ದಿರುತ್ತೆ" ಎಂದೆ.

ಮುಂದಿನ ಬುಧವಾರ ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಕೆಳಗಿನಿಂದ ಬೀಗದ ಕೈಗಳ ಸದ್ದು ಮೇಲೇರಿ ಬಂತು. ಎದ್ದು ನಿಂತೆ. ಅಮ್ಮ ಬೆಂಚಿನ ಮೇಲೆ ಕೂತು ಏದುಸಿರು ಸುಧಾರಿಸಿಕೊಂಡರು. ನನ್ನ ಮುಖ ನೋಡಲಿಲ್ಲ. ಎದುರಿನ ಗೋಡೆಗೆ ಹೇಳುವ ಹಾಗೆ ಹೇಳಿದರು:

"ರಾತ್ರಿ ಊಟಕ್ಕೆ ಕೂತಿರುವಾಗ ಎಲ್ರ ಮುಂದೆ ಅಂದ್ಳು ಕಣವ್ವ, ನಮ್ಮ ದೊಡ್ಡ ಸೊಸೆ. ಅತ್ತೆ, ಹಲ್ಲಿನ ಕೆಲ್ಸ ಅರ್ಧಕ್ಕೆ ಬಿಡ್ಬಾರ್ದಂತೆ, ಬುಧವಾರ ತಪ್ಪಿಸ್ಬೇಡಿ, ಮನೆ ನಾನ್ ನೋಡ್ಕೋತೀನಿ ಅಂತ." ಕಣ್ಣಂಚಿನಲ್ಲಿ ನನ್ನನ್ನು ನೋಡಿದರು. "ಅವ್ಳು ಇಲ್ಲಿಗೆ ಬಂದಿದ್ಲಾ?"

"ಇಲ್ಲಿಗೆ ಯಾರು ಬರ್ತಾರೆ ಅಂತ ನಾನು ಹೇಳಲ್ಲಮ್ಮ."

ಅವರು ನನ್ನನ್ನು ನೋಡುತ್ತಲೇ ಇದ್ದರು. ಆಮೇಲೆ ನಕ್ಕರು. ಮೂವತ್ತೆರಡು ಹಲ್ಲೂ ಕಾಣುವ ಹಾಗೆ, ಗೊಂಚಲು ಅಲುಗಾಡುವ ಹಾಗೆ ನಕ್ಕರು. "ಈಗ ಕಲ್ತೆ ಕಣವ್ವ!"

ಅಲ್ಲಿಗೆ ಮುಗಿಯಲಿಲ್ಲ. ಹನ್ನೆರಡು ಹೊಡೆದ ಮೇಲೆ ಮೇಡಂ ನನ್ನನ್ನು ಒಳಗೆ ಕರೆದರು. "ಅಮ್ಮ ಒಪ್ಪಿದಾರೆ, ಅದಕ್ಕೆ ಕರೆದೆ" ಎಂದು ಪುಸ್ತಕದಿಂದ ಓದಿ ಹೇಳಿದರು. "ಬಾಗಿಲಲ್ಲಿ ಕೂರುವ ಹೆಂಗಸು ಬಸ್ಸಿನಲ್ಲಿ ನನ್ನನ್ನು ಮಾತಾಡಿಸಿ, ನಾನು ಮುಚ್ಚಿಟ್ಟುಕೊಂಡದ್ದನ್ನು ಹೊರಗೆ ಹಾಕಿದಳು. ಅದು ತಪ್ಪು." ಓದಿ, "ಇದು ಅವರ ದೂರು. ದೂರು ಹೇಳೋದೂ ಅವರ ಹಕ್ಕು. ನೀವು ಏನಾದ್ರೂ ಹೇಳೋದಿದೆಯಾ?" ಎಂದರು.

ಏಳು ವಾರದಿಂದ ಕಟ್ಟಿಟ್ಟುಕೊಂಡಿದ್ದ ಮಾತು ರಾಶಿ ಇತ್ತು. ಎರಡು ವಾರ ನೀವು ಬರಲಿಲ್ಲವೆಂದು ಎಷ್ಟು ಯೋಚನೆಯಾಗಿತ್ತು, ಪ್ರೀತಿಯಿಂದ ಬಾಯಿ ತಪ್ಪಿತು, ಹೀಗೆ ಏನೇನೋ. ಒಂದೂ ಹೇಳಲಿಲ್ಲ. "ತಪ್ಪಾಯ್ತಮ್ಮ" ಎಂದೆ.

ಮೇಡಂ ರಬ್ಬರನ್ನು ಅಮ್ಮನ ಕಡೆ ಸರಿಸಿದರು. ಅಮ್ಮ ಅದನ್ನು ವಾಪಸ್ ತಳ್ಳಿದರು. "ಇರ್ಲಿ. ಇದ್ರೆ ನೆಪ್ಪಿರ್ತದೆ."

ನನ್ನ ತಪ್ಪು ಬರಹದಲ್ಲಿ ಇದ್ದದ್ದಕ್ಕೆ ನನಗೆ ನಾಚಿಕೆಯಾಯಿತು. ಅದರ ಜೊತೆಗೇ ಎದೆಯ ಮೇಲಿನ ಕಲ್ಲು ಇಳಿದ ಹಾಗೂ ಆಯಿತು. ಇನ್ನೂ ಏಳೆಂಟು ತಿಂಗಳು ಅಮ್ಮ ಬಂದರು. ಕೊನೆಯ ಬುಧವಾರ ಮೇಡಂ ಆ ಪುಸ್ತಕವನ್ನು ಅವರ ಕೈಗೇ ಕೊಟ್ಟರು. ಎಲ್ಲರಿಗೂ ಹಾಗೆ ಕೊಡುವುದು ಅಲ್ಲಿನ ಪದ್ಧತಿ. ಅಮ್ಮ ಹೊರಗೆ ಬಂದು ಬೆಂಚಿನ ಮೇಲೆ ಕೂತು ಒಂದು ಹಾಳೆ ಹರಿದು ನನಗೆ ಕೊಟ್ಟರು. "ಇದು ನಿಂದು, ಮಡೀಕ. ಮಿಕ್ಕಿದ್ದು ನಮ್ಮನೆ ಹಂಡೆ ಒಲೆಗೆ." ಆ ಹಾಳೆ ಇವತ್ತಿಗೂ ನನ್ನ ಟ್ರಂಕಿನಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗಿದೆ. ಪೆನ್ಸಿಲ್ ಬರಹ ಮಾಸಿದೆ, ಆದರೆ ಓದಬಹುದು.

ಅದಾಗಿ ಹತ್ತು ವರ್ಷದ ಮೇಲಾಯಿತು. ಮಂಡಿ ನೋವು ಬಂದು ಮೇಡಂ ಮಹಡಿಯ ಕೋಣೆ ಬಿಟ್ಟರು. ಆ ಕಟ್ಟಡದ ತುಂಬ ಈಗ ಮೊಬೈಲ್ ಅಂಗಡಿಗಳು. ನಮ್ಮ ಯಜಮಾನರು ವಸಂತನರಸಾಪುರದ ಫ್ಯಾಕ್ಟರಿಯೊಂದಕ್ಕೆ ಸೇರಿ, ದಿನಾ ಬಸ್ಸಿನಲ್ಲಿ ನಿದ್ದೆ ಮಾಡಿಕೊಂಡು ಹೋಗಿಬರುತ್ತಾರೆ. ನಾನು ಮೊನ್ನೆ ಹಲ್ಲು ಅಲ್ಲಾಡಿಸಿಕೊಂಡು, ಬೇರೆ ಕಟ್ಟಡದ ಬೇರೊಬ್ಬ ಹಲ್ಲಿನ ಡಾಕ್ಟರ ಬೆಂಚಿನ ಮೇಲೆ ಕೂತಿದ್ದೆ.

ಹೀಗೆ ಕೂತಿದ್ದಾಗಲೇ ಬಾಗಿಲು ತಳ್ಳಿಕೊಂಡು ಇಬ್ಬರು ಬಂದರು. ಊದಿದ ಕೆನ್ನೆಯ ಕಾಲೇಜು ಹುಡುಗಿ, ಜೊತೆಯಲ್ಲಿ ಅವಳ ತಾಯಿ. ತಾಯಿಯ ಬೈತಲೆಯ ಹತ್ತಿರ ಬಿಳಿ ಕೂದಲು, ಸೊಂಟದಲ್ಲಿ ಬೀಗದ ಕೈಗೊಂಚಲು. ಆ ಸದ್ದು ನನಗೆ ಗೊತ್ತು. ಮುಖ ನೋಡಿದೆ. ಗುಬ್ಬಿಯ ಸೊಸೆ!

ಬಾಯಿ ತುದಿಗೆ ಬಂದ ಮಾತನ್ನು ನುಂಗಿಕೊಂಡು ಗೋಡೆಯ ಕ್ಯಾಲೆಂಡರ್ ನೋಡತೊಡಗಿದೆ. ಅದರಲ್ಲಿ ಏಕಾದಶಿ ಯಾವತ್ತು, ಅಮಾವಾಸ್ಯೆ ಯಾವತ್ತು ಎಲ್ಲ ಓದಿ ಮುಗಿಸಿದೆ. ಅಷ್ಟರಲ್ಲಿ ಪಕ್ಕದಲ್ಲಿ ಯಾರೋ ಕೂತ ಹಾಗಾಯಿತು.

"ಅಕ್ಕಾ, ಚೆನ್ನಾಗಿದೀರಾ?"

ಅವಳಾಗಿ ಮಾತಾಡಿಸಿದಳು. ಈಗ ನಾನು ಮಾತಾಡಬಹುದು! ಆದರೆ ಹುಡುಗಿ ನಡುವೆ ಬಾಯಿ ಹಾಕಿದಳು. "ಯಾರಮ್ಮ ಇವರು?"

ಗುಬ್ಬಿ ಬಸ್ಸಿನ ಬೆವರು ಇಷ್ಟು ವರ್ಷದ ಮೇಲೆ ಮತ್ತೆ ಬಂತು. ಅವಳು ನನ್ನನ್ನು ನೋಡಿದಳು, ಮಗಳನ್ನು ನೋಡಿದಳು. "ನಿಮ್ಮಜ್ಜಿ ಬುಧವಾರ ಹಲ್ಲಿಗೆ ತೋರ್ಸಕ್ಕೆ ಬರ್ತಿದ್ರಲ್ಲ, ಅಲ್ಲಿದ್ರು ಇವರು" ಎಂದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು. "ಅತ್ತೆ ಹೋಗಿ ಮೂರು ವರ್ಷ ಆಯ್ತು ಅಕ್ಕ. ಕೊನೇವರೆಗೂ ಒಂದು ಹಲ್ಲೂ ಅಲ್ಲಾಡ್ಲಿಲ್ಲ. ಆ ಡಾಕ್ಟ್ರ ಕೈಗುಣ ಚೆನ್ನಾಗಿತ್ತು."

"ಹೌದಮ್ಮ. ಒಳ್ಳೆ ಕೈಗುಣ" ಎಂದೆ. ಇಬ್ಬರ ಕಣ್ಣೂ ಒದ್ದೆಯಾಗಿದ್ದನ್ನು ಹುಡುಗಿ ಹಲ್ಲುನೋವಿನ ಭಯ ಅಂದುಕೊಂಡಳು.

ನನ್ನ ಸರದಿ ಬಂತು. ಹಲ್ಲು ಹೋಯಿತು. ಹತ್ತಿ ಕಚ್ಚಿಕೊಂಡು ಹೊರಗೆ ಬಂದೆ. ಒಂದು ಗಂಟೆ ಮಾತಾಡಬಾರದು ಎಂದಿದ್ದರು ಡಾಕ್ಟರು. ಮಗಳನ್ನು ಒಳಗೆ ಕಳಿಸಿದ ಅವಳು ನನ್ನನ್ನು ಬಾಗಿಲವರೆಗೂ ಬಿಡಲು ಬಂದು, ದನಿ ತಗ್ಗಿಸಿ ನನ್ನನ್ನು ಒಂದು ಮಾತು ಕೇಳಿದಳು. ನಾನು ಔಷಧಿ ಚೀಟಿಯ ಹಿಂದೆ ಉತ್ತರ ಬರೆದುಕೊಟ್ಟೆ. ಮನೆಗೆ ಹೋದಾಗ ಯಜಮಾನರು ಅಭ್ಯಾಸದಂತೆ, "ಯಾರ್ಯಾರು ಸಿಕ್ಕಿದ್ರು ಇವತ್ತು?" ಎಂದರು. ಯಾರೂ ಇಲ್ಲ ಎಂದು ತಲೆಯಾಡಿಸಿದೆ.

ಇಷ್ಟನ್ನು ಬರೆದ ಮೇಲೆ, ಆವತ್ತು ಬಾಗಿಲಲ್ಲಿ ಅವಳೇ ಕೊಟ್ಟಿದ್ದ ನಂಬರಿಗೆ ಫೋನು ಮಾಡಿ, ಎಲ್ಲಿ ಬರಲಿ ಎಂದು ಕೇಳಿ, ಅವಳು ಹೇಳಿದ ಕಡೆ ಹೋದೆ. ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ. ಊರು, ದಿನ, ಬಸ್ಸು ಎಲ್ಲಿ ಬದಲಿಸಬೇಕೋ ಬದಲಿಸಿದಳು. "ಹಲ್ಲು ಮಾತ್ರ ಇರ್ಲಿ ಅಕ್ಕ, ಅತ್ತೆ ಕೇಳಿದ್ರೆ ನಗ್ತಿದ್ರು" ಎಂದಳು. ಬಾಗಿಲಲ್ಲಿ ಅವಳು ನನ್ನನ್ನು ಕೇಳಿದ್ದೇನು, ನಾನು ಬರೆದುಕೊಟ್ಟದ್ದೇನು ಎಂದು ಮೇಲೆ ಎರಡು ಸಾಲು ಇದ್ದವು. ಅಲ್ಲಿಗೆ ಬಂದಾಗ, "ಅದು ಬೇಡ ಅಕ್ಕ" ಎಂದಳು.

ನಾನು ಬರೆದಿದ್ದದ್ದು ಪೆನ್ಸಿಲ್ಲಿನಲ್ಲಿ. ಚೀಲದಿಂದ ರಬ್ಬರು ತೆಗೆದು ಅವಳ ಕೈಗೆ ಕೊಟ್ಟೆ.